ಮೂವತ್ತನಾಲ್ಕು ಇಂಚಿನಿಂದ ಹತ್ತೊಂಬತ್ತಕ್ಕೆ

ಮಾರ್ಚ್ 3, ಸೋಮವಾರ

ನೆಲ ಹಿಡಿದು ಕೂತು ಇವತ್ತಿಗೆ ಏಳು ತಿಂಗಳು. ಇಪ್ಪತ್ತೆಂಟು ವರ್ಷ ಸರಕು ವಿಮಾನ ಹಾರಿಸಿದವಳು ನಾನು. ಕಂಪನಿ ಒಂದು ಬೆಳಿಗ್ಗೆ ಬಾಗಿಲು ಹಾಕಿಕೊಂಡಿತು, ನಾನು ಚೀಲ ಹೆಗಲಿಗೇರಿಸಿ ಮನೆಗೆ ಬಂದೆ. ಅಂದಿನಿಂದ ಎರಡು ಕೋಣೆ, ಒಂದು ಅಡುಗೆಮನೆ, ಗಂಡನ ಹೊಲಿಗೆ ಯಂತ್ರದ ಕಟಕಟ. ಇವರು ದರ್ಜಿ, ಮನೆಯೇ ಅಂಗಡಿ. ಎಲ್ಲಿ ಕಾಲಿಟ್ಟರೂ ಬಟ್ಟೆಯ ತುಂಡು, ಎಲ್ಲಿ ಕೈಯಿಟ್ಟರೂ ಗುಂಡುಸೂಜಿ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ ಕೈಗೆ ಸಿಗುತ್ತದೆ. ಆಕಾಶ ಬೇಕೆಂದರೆ ಅರ್ಧ ಮೈ ಹೊರಗೆ ಹಾಕಿ ಕತ್ತೆತ್ತಬೇಕು. ಒಂದೊಂದು ದಿನ ಉಸಿರು ಕಟ್ಟಿದ ಹಾಗಾಗುತ್ತದೆ. ಆಗ ಸುಮ್ಮನೆ ಮೆಟ್ಟಿಲಿಳಿದು ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇನೆ.

ಇವತ್ತು ಗುಮ್ಮಣ್ಣ ಫೋನ್ ಮಾಡಿದ್ದ. ಹಳೇ ಕಂಪನಿಯಲ್ಲಿ ಕೊನೆಯ ನಾಲ್ಕು ವರ್ಷ ನನ್ನ ಬಲಗಡೆ ಸೀಟಿನಲ್ಲಿ ಕೂತ ಸಹಪೈಲಟ್. ಬಾಯಿಬಿಟ್ಟರೆ ಮುತ್ತು ಉದುರುತ್ತದೋ ಎನ್ನುವಷ್ಟು ಮೌನಿ, ಅದಕ್ಕೇ ಆ ಹೆಸರಿಟ್ಟಿದ್ದೆ. ಈಗ ಹೊಸದೊಂದು ಸರಕು ಕಂಪನಿಯಲ್ಲಿ ಅವನೇ ಪೈಲಟ್‌ಗಳ ಮುಖ್ಯಸ್ಥ. ಕ್ಯಾಪ್ಟನ್ ಸೀಟು ಒಂದು ಖಾಲಿ ಇದೆಯಂತೆ. ಏಪ್ರಿಲ್ ಹತ್ತಕ್ಕೆ ಅವರ ದೊಡ್ಡ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲಿನ ನಕಲಿ ವಿಮಾನದಲ್ಲಿ, ಪರೀಕ್ಷೆ, ಅದಕ್ಕೂ ಮೊದಲು ವೈದ್ಯಕೀಯ ಸರ್ಟಿಫಿಕೇಟು. ಐವತ್ತನಾಲ್ಕು ವರ್ಷದವಳನ್ನು ಇದಾದ ಮೇಲೆ ಇನ್ಯಾರು ಕರೆಯುತ್ತಾರೆ? ಇದು ತಪ್ಪಿದರೆ ನನಗೆ ಈ ಗೋಡೆಯೇ ಗತಿ.

ಕೈ ತುಕ್ಕು ಹಿಡಿದಿದೆ, ಮನೆಯಲ್ಲೇ ಅಭ್ಯಾಸ ಮಾಡಬೇಕು. ಕಂಪ್ಯೂಟರ್ ಇದೆ, ಸಿಮ್ಯುಲೇಟರ್ ತಂತ್ರಾಂಶ ಹಾಕಿದ್ದಾಯಿತು. ಇಲ್ಲದ್ದು ಒಂದು ಮಾನಿಟರ್. ಇವರು ಹದಿನೈದು ಸಾವಿರದೊಳಗೆ ನೋಡು ಎಂದರು. "ಆಟಕ್ಕೆ ಅಷ್ಟು ಸಾಕಲ್ಲ?" ಎಂದೂ ಸೇರಿಸಿದರು. ಆಟವಂತೆ!

ಮಾರ್ಚ್ 5, ಬುಧವಾರ

ಹೊಸ ಮಾನಿಟರ್‌ಗಳ ಬೆಲೆ ಕೇಳಿ ತಲೆ ಗಿರ್ ಎಂದಿತು. ಹಳೇ ಕಂಪ್ಯೂಟರ್ ಸಾಮಾನಿನ ಅಂಗಡಿಗೆ ಹೋದೆ. ಅಂಗಡಿಯವನಿಗೆ ಬೀದಿಯವರೆಲ್ಲ "ಗ್ಯಾರಂಟಿ" ಎನ್ನುತ್ತಾರೆ, ಮುರಿದ ಸ್ಕ್ರೂ ಮಾರಿದರೂ ಗ್ಯಾರಂಟಿ ಕೊಡುತ್ತಾನಂತೆ. ನನಗೂ ಕೊಟ್ಟ. ಯಾವುದನ್ನು ಒಯ್ದರೂ ಹತ್ತು ದಿನದೊಳಗೆ ತಂದು ಬೇರೆಯದಕ್ಕೆ ಬದಲಾಯಿಸಬಹುದು, ಬೆಲೆ ಕಡಿಮೆಯದಾದರೆ ಉಳಿಕೆ ವಾಪಸ್.

ಮೂವತ್ತನಾಲ್ಕು ಇಂಚಿನದು ಒಂದಿತ್ತು. ಅಗಲವಾದದ್ದು, ಎರಡು ಅಂಚೂ ನಮ್ಮ ಕಡೆ ಬಾಗಿದ್ದು. ಹದಿನಾಲ್ಕೂವರೆ ಸಾವಿರ. ಗ್ಯಾರಂಟಿ ನನಗೆ ಇಪ್ಪತ್ತನಾಲ್ಕು ಇಂಚಿನದು ಸಾಕು ಎಂದು ಬುದ್ಧಿ ಹೇಳಲು ಬಂದ. ನಾನು ಬಿಡುತ್ತೇನೆಯೇ. ಕಾಕ್‌ಪಿಟ್ ಎಂದರೆ ಅಗಲ ಕಣಪ್ಪಾ, ಎಡಗಡೆ ಕಿಟಕಿ, ಬಲಗಡೆ ಕಿಟಕಿ ಎಲ್ಲ ಒಟ್ಟಿಗೆ ಕಾಣಬೇಕು, ಚಿಕ್ಕದರಲ್ಲಿ ಹಾರಿಸುವುದು ಬೀಗದ ಕಿಂಡಿಯಲ್ಲಿ ಇಣುಕಿದ ಹಾಗೆ ಎಂದೆ. ಕಟ್ಟಿಕೊಟ್ಟ.

ಮನೆಗೆ ತಂದರೆ ಇವರು ಟೇಪು ಹಿಡಿದು ಅಳೆದು, ಎರಡು ಇಂಚು ಕಮ್ಮಿ ಇದೆ, ಅಂಗಡಿಯವ ಟೋಪಿ ಹಾಕಿದ್ದಾನೆ ಎಂದು ಶರ್ಟಿನ ತೋಳು ಮಡಿಸಿ ಹೊರಟೇಬಿಟ್ಟರು. ಮಾನಿಟರನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಹಾಗೆ ಅಳೆದರೆ ಪ್ಯಾಂಟು ಯಾರಿಗೂ ಆಗುವುದಿಲ್ಲ ಎಂದು ಗೊಣಗುತ್ತ ಒಳಗೆ ಹೋದರು.

ಮಾರ್ಚ್ 8, ಶನಿವಾರ

ಹಾರಿದೆ! ಪರದೆಯ ಮೇಲಾದರೇನು, ರನ್‌ವೇ ಕೆಳಗೆ ಜಾರಿದಾಗ ಹೊಟ್ಟೆಯಲ್ಲಿ ಅದೇ ಹಳೇ ಸುಖ. ಅರ್ಧ ಗಂಟೆ ಈ ಮನೆ, ಈ ಗೋಡೆ ಎಲ್ಲ ಮರೆತೇಹೋಗಿತ್ತು.

ಒಂದೇ ಕಿರಿಕಿರಿ. ಕಂಟ್ರೋಲ್ ಟವರಿನವರು ನಿಮ್ಮ ಎಡಗಡೆ ಇನ್ನೊಂದು ವಿಮಾನ ಬರುತ್ತಿದೆ ಎಂದರು. ಹುಡುಕಿದೆ, ಇರಲಿಲ್ಲ. ಆಮೇಲೆ ನೋಡಿದರೆ ಅದು ಮೂಗಿನ ಮುಂದೆಯೇ ದಾಟಿಹೋಯಿತು. ಈ ಮಾನಿಟರಿನ ಎಡಗಡೆ ಏನೋ ಸರಿಯಿಲ್ಲ. ಇವರನ್ನು ಕರೆದು ಕೂರಿಸಿದೆ. ಎಡಗಡೆ ಮೇಲೆ ಬಿಳೀ ವಿಮಾನ ಚೆನ್ನಾಗಿಯೇ ಕಾಣುತ್ತಿದೆಯಲ್ಲ ಎಂದರು. ಸೂಜಿಗೆ ದಾರ ಪೋಣಿಸುವ ಕಣ್ಣು ಅವರದು, ಅವರಿಗೆ ಇಲ್ಲದ್ದೂ ಕಾಣುತ್ತದೆ.

ಮಾರ್ಚ್ 12, ಬುಧವಾರ

ಮೂರು ದಿನದಿಂದ ತಲೆ ಕೆಟ್ಟಿದೆ. ಇಳಿಯುವ ಮೊದಲು ರನ್‌ವೇಯನ್ನು ಎಡಗಡೆ ಇಟ್ಟುಕೊಂಡು ಅದಕ್ಕೆ ಸಮನಾಗಿ ಹೋಗಿ, ಆಮೇಲೆ ಎಡಕ್ಕೆ ತಿರುಗಿ ಇಳಿಯಬೇಕು. ಇದನ್ನು ನಾನು ನಿದ್ದೆಯಲ್ಲೂ ಮಾಡುತ್ತೇನೆ. ಈ ದರಿದ್ರ ಮಾನಿಟರಿನಲ್ಲಿ ಮಾತ್ರ ರನ್‌ವೇ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಅದು ಹಿಂದೆ ಉಳಿದಿರುತ್ತದೆ. ಏಳು ಸಲದಲ್ಲಿ ಐದು ಸಲ ಹೀಗೆ.

ಕಾರಣ ಯೋಚಿಸಿ ಕಂಡುಹಿಡಿದೆ. ನಮ್ಮ ಕಂಪ್ಯೂಟರ್ ಬಡಪಾಯಿ. ಅದರ ಗ್ರಾಫಿಕ್ಸ್ ಕಾರ್ಡಿಗೆ ಇಷ್ಟು ಅಗಲದ ಚಿತ್ರ ಬಿಡಿಸುವ ತಾಕತ್ತಿಲ್ಲ. ನಡುವಿನದನ್ನು ಮೊದಲು ಬಿಡಿಸಿ ಅಂಚನ್ನು ತಡವಾಗಿ ತುಂಬುತ್ತದೆ. ಬೇರೆ ಏನೂ ಇರಲಾರದು. ಆಸೆಬುರುಕಿಯಾಗಿ ದೊಡ್ಡದು ತಂದದ್ದು ನನ್ನದೇ ತಪ್ಪು.

ಕೂತೂ ಕೂತೂ ಸಾಕಾಗಿ ಎದ್ದರೆ ಬಟ್ಟೆ ಕತ್ತರಿಸುವ ಮೇಜಿನ ಮೂಲೆ ಎಡ ಸೊಂಟಕ್ಕೆ ಬಡಿಯಿತು. ಈ ವಾರದಲ್ಲಿ ಇದು ಎರಡನೇ ಸಲ, ಜಾಗ ನೀಲಿಗಟ್ಟಿದೆ. ಈ ಮನೆಯಲ್ಲಿ ಮನುಷ್ಯರು ತಿರುಗಾಡಲು ಜಾಗವಿಲ್ಲ ಎಂದು ಕೂಗಾಡಿದೆ. ಇವರು ಮೇಜನ್ನು ಗೋಡೆಗೆ ಒತ್ತಿ ಸರಿಸಿದರು.

ಮಾರ್ಚ್ 14, ಶುಕ್ರವಾರ

ಇಪ್ಪತ್ತೇಳು ಇಂಚಿನದು ತಂದೆ. ಗ್ಯಾರಂಟಿ ಹಳೆಯದನ್ನು ಅಂಗಡಿಯಲ್ಲಿ ಹಾಕಿ, ನಾಲ್ಕೂ ಅಂಚಿನಲ್ಲಿ ಚುಕ್ಕೆ ಓಡಿಸಿ ತೋರಿಸಿದ. ಯಾವ ದೋಷವೂ ಇಲ್ಲ ಮೇಡಂ ಎಂದ. ಅವನ ಕಂಪ್ಯೂಟರಿಗೆ ತಾಕತ್ತಿದೆ, ನಮ್ಮದಕ್ಕಿಲ್ಲ ಎಂದು ವಿವರಿಸಿದೆ. ಹೌದೆಂದ, ಆದರೆ ನನ್ನ ಮುಖವನ್ನೇ ನೋಡುತ್ತಿದ್ದ.

ಮಾರ್ಚ್ 19, ಬುಧವಾರ

ಇಪ್ಪತ್ತೇಳು ಪರವಾಗಿಲ್ಲ. ಅಂದರೆ, ಕುರ್ಚಿಯನ್ನು ಎರಡು ಅಡಿ ಹಿಂದಕ್ಕೆಳೆದರೆ ಪರವಾಗಿಲ್ಲ. ದೂರ ಕೂತರೆ ಚಿತ್ರ ಒಂದೇ ನೋಟಕ್ಕೆ ಸಿಗುತ್ತದೆ. ಈಗ ನನ್ನ ಬೆನ್ನು ಬಾಗಿಲಿಗೆ ತಾಗುತ್ತದೆ. ಇವರು ಹೊರಗೆ ಹೋಗಬೇಕೆಂದರೆ ನಾನು ಏಳಬೇಕು, ಗಿರಾಕಿ ಒಳಗೆ ಬರಬೇಕೆಂದರೂ ಏಳಬೇಕು. ಹಾರುವ ನಡುವೆ ನಾಲ್ಕು ಸಲ ಎದ್ದು ಪ್ಯಾಂಟಿನ ಅಳತೆಗೆ ಬಂದವರಿಗೆ ದಾರಿ ಬಿಟ್ಟೆ. ಮೂವತ್ತು ಟನ್ ಸರಕು ಹೊತ್ತು ಸಮುದ್ರ ದಾಟಿದ ಹೆಂಗಸು!

ಸಂಜೆ ಜಗಳ. ಇವರು ಟೀ ಕಪ್ಪನ್ನು ನನ್ನ ಎಡಗೈ ಪಕ್ಕ ಇಟ್ಟು ಹೇಳದೇ ಹೋದರು, ಕೈ ತಾಗಿ ಎಲ್ಲ ಚೆಲ್ಲಿತು. ಕೀಬೋರ್ಡಿಗೆ ಬೀಳದಿದ್ದುದೇ ಪುಣ್ಯ. ಹೇಳಿಯೇ ಇಟ್ಟೆ ಎಂದು ಅವರ ವಾದ, ಕಾಣುವ ಜಾಗದಲ್ಲಿ ಇಡಬೇಕಿತ್ತು ಎಂದು ನನ್ನದು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಇಷ್ಟು ದಿನ ಒಟ್ಟಿಗೆ ಮನೆಯಲ್ಲಿದ್ದದ್ದು ಇದೇ ಮೊದಲು. ಅದೇ ತೊಂದರೆ ಎನಿಸುತ್ತದೆ.

ಮಾರ್ಚ್ 24, ಸೋಮವಾರ

ಇಪ್ಪತ್ತನಾಲ್ಕು ಇಂಚು. ಎಂಟು ಸಾವಿರ. ಗ್ಯಾರಂಟಿ ಮೊದಲ ದಿನ ಹೇಳಿದ್ದು ಇದನ್ನೇ, ಪಾಪ. ಹಾಗೆಂದು ಅವನೆದುರು ಒಪ್ಪಿಕೊಳ್ಳಲಿಲ್ಲ.

ಮಾರ್ಚ್ 28, ಶುಕ್ರವಾರ

ಸರ್ಟಿಫಿಕೇಟು ಕೈಗೆ ಬಂತು!

ಪೈಲಟ್‌ಗಳ ತಪಾಸಣೆ ಮಾಡುವ ಡಾಕ್ಟರು ಹದಿನೈದು ವರ್ಷದಿಂದ ಪರಿಚಿತರು. ರಕ್ತ, ಹೃದಯ, ಕಿವಿ ಎಲ್ಲ ಸರಿ. ಕಣ್ಣಿನ ಹಲಗೆಯ ಅತಿ ಚಿಕ್ಕ ಸಾಲನ್ನೂ ಗಡಗಡನೆ ಓದಿದೆ. ಕೊನೆಗೆ ಅವರು ಎರಡೂ ಕೈ ಚಾಚಿ ಬೆರಳಾಡಿಸಿ, ಮೂಗು ನೋಡುತ್ತ ಯಾವುದು ಆಡುತ್ತಿದೆ ಹೇಳಿ ಎಂದರು, ಜೊತೆಗೇ ಮಗಳ ಮದುವೆಯ ಸುದ್ದಿ ಹೇಳುತ್ತಿದ್ದರು. ಹೇಳಿದೆ. ನಿಮ್ಮ ಕಣ್ಣು ಹುಡುಗಿಯರ ಕಣ್ಣು ಕ್ಯಾಪ್ಟನ್ ಎಂದು ಸೀಲು ಒತ್ತಿದರು. ಅವರ ಮೂಗನ್ನೇ ನೋಡುತ್ತ ಕೂರಲು ನನ್ನಿಂದಾಗಲಿಲ್ಲ, ಅದು ಬೇರೆ ಮಾತು. ಪೈಲಟ್ ಕಣ್ಣು ಒಂದೇ ಕಡೆ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಮುಂದೆ, ಎಡ, ಎದುರಿನ ಮೀಟರುಗಳು, ಬಲ, ಮತ್ತೆ ಮುಂದೆ, ಹೀಗೆ ಓಡುತ್ತಲೇ ಇರಬೇಕು. ಹೊಸ ಪೈಲಟ್‌ಗಳಿಗೆ ನಾನು ತಲೆಗೆ ಮೊಟಕಿ ಕಲಿಸಿದ ಪಾಠ ಇದು, ಈಗ ನಿಲ್ಲಿಸೆಂದರೂ ನಿಲ್ಲುವುದಿಲ್ಲ.

ಇನ್ನು ಹದಿಮೂರು ದಿನ, ಆಮೇಲೆ ಈ ಗೂಡಿನಿಂದ ಬಿಡುಗಡೆ. ಖುಷಿಗೆ ಕುಣಿಯಬೇಕೆನಿಸಿತು, ಕುಣಿಯಲು ಜಾಗವಿರಲಿಲ್ಲ.

ಮಾರ್ಚ್ 31, ಸೋಮವಾರ

ಅಂತೂ ಸರಿಯಾದದ್ದು ಸಿಕ್ಕಿತು. ಹತ್ತೊಂಬತ್ತು ಇಂಚು, ಹಳೇ ಕಾಲದ ಚೌಕದ್ದು, ಎರಡೂವರೆ ಸಾವಿರ. ಯಾವುದೋ ಆಫೀಸಿನವರು ಎಸೆದದ್ದಂತೆ. ಗ್ಯಾರಂಟಿ ಧೂಳು ಒರೆಸಿ ಕೊಡುತ್ತ ಹೇಳಿದ: "ಮೇಡಂ, ಎಲ್ರೂ ಚಿಕ್ಕದು ಒಯ್ದು ದೊಡ್ಡದು ಬೇಕು ಅಂತ ವಾಪಸ್ ಬರ್ತಾರೆ. ಉಲ್ಟಾ ಬಂದೋರು ನೀವೊಬ್ರೇ."

ಅವನಿಗೇನು ಗೊತ್ತು. ಬಾಗಿಲಿಗೆ ಬೆನ್ನು ಕೊಟ್ಟು ಕೂತರೆ ಇಡೀ ಕಾಕ್‌ಪಿಟ್ ಅಂಗೈಯಲ್ಲಿಟ್ಟ ಹಾಗೆ ಕಾಣುತ್ತದೆ. ಯಾವುದೂ ತಪ್ಪಿಸಿಕೊಳ್ಳುವುದಿಲ್ಲ. ಎಂಟು ಸಲ ಇಳಿದೆ, ಎಂಟೂ ಸಲ ಹೂವಿನ ಹಾಗೆ. ಹನ್ನೆರಡು ಸಾವಿರ ಉಳಿಯಿತು ಎಂದು ಇವರಿಗೆ ಹೇಳಿದೆ. ಖುಷಿಪಡುತ್ತಾರೆಂದುಕೊಂಡಿದ್ದೆ. ಪರದೆಯನ್ನು ನೋಡಿದರು, ನನ್ನ ಕುರ್ಚಿಯನ್ನು ನೋಡಿದರು, ಯಂತ್ರದ ಮುಂದೆ ಹೋಗಿ ಕೂತರು. ಈ ಮನುಷ್ಯನಿಗೆ ಖರ್ಚಾದರೂ ಗಂಟುಮೋರೆ, ಉಳಿದರೂ ಗಂಟುಮೋರೆ.

ಏಪ್ರಿಲ್ 3, ಗುರುವಾರ

ಇವತ್ತಿನದನ್ನು ಬರೆದೇ ಮಲಗುತ್ತೇನೆ.

ಹೊಸ ಕಂಪನಿಗೆ ಹೊಸ ಬಿಳೀ ಶರ್ಟು ಬೇಕೆಂದು ಇವರೇ ಅಳತೆ ತೆಗೆಯಲು ನಿಲ್ಲಿಸಿಕೊಂಡರು. ಕಾಲರಿಗೆ ಟೇಪು ಹಾಕಿ, ತೆಗೆದು, ಮತ್ತೆ ಹಾಕಿದರು.

"ನೇರ ನಿಂತ್ಕೊ."

"ನಿಂತಿದ್ದೀನಲ್ರೀ."

"ಇಲ್ಲ ಕಣೇ. ಮೈ ನೇರ ಇದೆ, ಮುಖ ಎಡಕ್ಕೆ ತಿರುಗಿದೆ."

ಇಪ್ಪತ್ತಾರು ವರ್ಷದಿಂದ ನನ್ನ ಶರ್ಟು ಹೊಲಿಯುತ್ತಿರುವವರು. ಹೋದ ವರ್ಷ ಹೊಲಿದ ಶರ್ಟು ತಂದು ತೋರಿಸಿದರು. ಕಾಲರಿನ ಮಡಿಕೆ ಎಡಗಡೆ ಮಾತ್ರ ಸವೆದು ನೂಲು ಬಿಟ್ಟಿತ್ತು. ಗದ್ದ ಸದಾ ಅಲ್ಲಿ ಉಜ್ಜಿದರೆ ಮಾತ್ರ ಹಾಗಾಗುತ್ತದಂತೆ. ಆಮೇಲೆ ಕನ್ನಡಿಯ ಮುಂದೆ ಕೂರಿಸಿ, ಎರಡು ಬೆರಳಿನಲ್ಲಿ ನನ್ನ ಗದ್ದ ಹಿಡಿದು ನೇರ ಮಾಡಿದರು. ಕನ್ನಡಿಯಲ್ಲಿ ನಿನ್ನ ಮೂಗನ್ನೇ ನೋಡು, ಕಣ್ಣು ಅಲ್ಲಾಡಿಸಬೇಡ ಎಂದರು. ಕಾದೆ. ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದೆ.

"ಆಗ್ಲಿಂದ ಹಿಡ್ಕೊಂಡಿದ್ದೀನಿ" ಎಂದರು.

ತಿರುಗಿ ನೋಡಿದೆ. ಬಟ್ಟೆಗೆ ಗುರುತು ಹಾಕುವ ಬಿಳೀ ಸೀಮೆಸುಣ್ಣ, ನನ್ನ ಎಡಗಣ್ಣಿನಿಂದ ಒಂದು ಗೇಣು ದೂರದಲ್ಲಿ.

ರೇಗಿ ಎದ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಸರ್ಟಿಫಿಕೇಟು ಮುಖಕ್ಕೆ ಹಿಡಿದೆ. ನಾನು ಹಾರುವುದು ನಿಮಗೆ ಬೇಡ, ನಾನು ಇಲ್ಲೇ ನಿಮ್ಮ ಬಟ್ಟೆಯ ತುಂಡುಗಳ ನಡುವೆ ಕೊಳೆಯಬೇಕು, ಅದಕ್ಕೇ ಈ ನಾಟಕ ಎಂದೆ. ಇವರು ಸೀಮೆಸುಣ್ಣ ಮೇಜಿನ ಮೇಲಿಟ್ಟರು. ಶನಿವಾರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇನೆ, ಬಾ ಎಂದಷ್ಟೇ ಹೇಳಿದರು.

ಹೋಗುತ್ತೇನೆ. ಇವರ ಬಾಯಿ ಮುಚ್ಚಿಸಲಾದರೂ ಹೋಗುತ್ತೇನೆ.

ಏಪ್ರಿಲ್ 5, ಶನಿವಾರ

ಒಂದು ಬಿಳೀ ಬೋಗುಣಿಯಂಥ ಯಂತ್ರ. ಅದರೊಳಗೆ ಮುಖವಿಟ್ಟು ಒಂದು ಕಣ್ಣು ಮುಚ್ಚಿ, ನಡುವಿನ ಹಳದಿ ಚುಕ್ಕೆಯನ್ನು ಮಾತ್ರ ನೋಡಬೇಕು. ಸುತ್ತ ಅಲ್ಲಿ ಇಲ್ಲಿ ಸಣ್ಣ ಬೆಳಕು ಮಿಂಚಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಪರೀಕ್ಷೆ ಮಾಡಿಸುವ ಹುಡುಗಿ ಮೂರು ಸಲ ಗದರಿದಳು: "ಮೇಡಂ, ಕಣ್ಣು ಓಡಿಸ್ಬೇಡಿ. ಒಂದೇ ಕಡೆ ನಿಲ್ಸಿ." ನಾಲ್ಕನೇ ಸಲ ನಿಲ್ಲಿಸಿದೆ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ನನ್ನ ಕಣ್ಣು ಒಂದು ಕಡೆ ನಿಂತಿತು.

ನಿಂತ ಮೇಲೆ ಬೆಳಕು ಬರುವುದೇ ನಿಂತುಹೋಯಿತು. ಯಂತ್ರ ಮಾತ್ರ ಟಿಕ್ ಟಿಕ್ ಎನ್ನುತ್ತಿತ್ತು. ಕೆಟ್ಟಿದೆಯೇನಮ್ಮ ಎಂದು ಕೇಳಿದೆ. ಇಲ್ಲ ಮೇಡಂ, ನಡೀತಿದೆ ಎಂದಳು.

ಡಾಕ್ಟರು ಕಾಗದ ಮುಂದಿಟ್ಟರು. ಎರಡು ವೃತ್ತ. ಎಡಗಣ್ಣಿನದು ಬಹುಪಾಲು ಕಪ್ಪು, ಬಲಗಣ್ಣಿನದರಲ್ಲಿ ಎಡಭಾಗ ಕಪ್ಪು. ಕಣ್ಣೊಳಗಿನ ಒತ್ತಡ ಹೆಚ್ಚಾಗಿ ನರ ಸಾಯುತ್ತ ಬಂದಿದೆಯಂತೆ. ನೋವಿಲ್ಲ, ಕತ್ತಲೆಯೂ ಕಾಣುವುದಿಲ್ಲ, ಏಕೆಂದರೆ ಇಲ್ಲದ ಜಾಗವನ್ನು ಮಿದುಳು ತಾನೇ ಏನೋ ಹಾಕಿ ತುಂಬುತ್ತದಂತೆ. ನಡುವಿನ ದೃಷ್ಟಿ ಕೊನೆಯವರೆಗೂ ಉಳಿಯುವುದರಿಂದ ಅಕ್ಷರದ ಹಲಗೆ ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ. ಬೇರೆಯವರಾದರೆ ಎಂದೋ ಎಡವಿ ಬಿದ್ದು ತಿಳಿದುಕೊಳ್ಳುತ್ತಿದ್ದರು, ನೀವು ಕಣ್ಣು ಓಡಿಸಿ ಓಡಿಸಿ ನಿಮಗೇ ಮೋಸ ಮಾಡಿಕೊಂಡಿರಿ ಎಂದರು.

ಹೋದದ್ದು ವಾಪಸ್ ಬರುತ್ತದೆಯೇ ಎಂದು ಕೇಳಿದೆ. ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದು ಹನಿ ಔಷಧ ಬರೆದುಕೊಟ್ಟರು. ಹೊರಗೆ ಬೆಂಚಿನ ಮೇಲೆ ಇವರು ಕೂತಿದ್ದರು. ಕಾಗದ ಕೊಟ್ಟೆ. ನೋಡಿ, ಮಡಿಸಿ, ಜೇಬಿಗೆ ಹಾಕಿಕೊಂಡರು. ಅವರೇ ಅತ್ತರು, ನನಗೆ ಅಳುವೂ ಬರಲಿಲ್ಲ.

ಏಪ್ರಿಲ್ 6, ಭಾನುವಾರ

ಸರ್ಟಿಫಿಕೇಟು ಚೀಲದಲ್ಲಿದೆ. ಇನ್ನೊಂದು ವರ್ಷ ಅದಕ್ಕೆ ಬೆಲೆಯಿದೆ.

ಗುರುವಾರದ ಪರೀಕ್ಷೆ ನಾನು ಪಾಸಾಗುತ್ತೇನೆ. ಎಂಜಿನ್ ಕೆಡಿಸುತ್ತಾರೆ, ಮಂಜಿನಲ್ಲಿ ಇಳಿಸುತ್ತಾರೆ, ಎಲ್ಲವೂ ಮೀಟರುಗಳನ್ನು ನೋಡಿ ಮಾಡುವ ಕೆಲಸ. ಮೀಟರುಗಳು ನನ್ನ ಮುಂದೆಯೇ ಇರುತ್ತವೆ. ಕಣ್ಣಿನ ವಿಷಯ ಗೊತ್ತಿರುವುದು ನನಗೆ, ಇವರಿಗೆ, ಬಿಟ್ಟರೆ ಕಣ್ಣಿನ ಡಾಕ್ಟರ ಕಡೆಯವರಿಗೆ, ಯಾರೂ ಬಾಯಿಬಿಡುವವರಲ್ಲ. ಕತ್ತನ್ನು ಇನ್ನಷ್ಟು ತಿರುಗಿಸಿದರಾಯಿತು. ಎಷ್ಟೋ ಜನ ಇದಕ್ಕಿಂತ ದೊಡ್ಡದನ್ನು ಮುಚ್ಚಿಟ್ಟು ಹಾರಿಸಿದ್ದಾರೆ. ಎರಡೇ ವರ್ಷ ಸಾಕು ನನಗೆ.

ಇದನ್ನೇ ದಿನವಿಡೀ ಯೋಚಿಸಿದೆ. ಇವರು ಶರ್ಟು ಹೊಲಿದು ಮುಗಿಸಿ, ಇಸ್ತ್ರಿ ಮಾಡಿ ಬಾಗಿಲ ಹಿಂದೆ ತೂಗುಹಾಕಿದರು.

ಏಪ್ರಿಲ್ 7, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಗುಮ್ಮಣ್ಣನಿಗೆ ನಾನೇ ಫೋನ್ ಮಾಡಿದೆ. ಸುತ್ತುಬಳಸಿ ಹೇಳಿದರೆ ನಡುವೆ ಮನಸ್ಸು ಬದಲಾಗುತ್ತದೆಂಬ ಭಯವಿತ್ತು.

"ನಾನು ಗುರುವಾರ ಬರಲ್ಲ ಕಣಪ್ಪಾ. ನಂಗೆ ಎಡಗಡೆ ಏನೂ ಕಾಣಲ್ಲ."

ಸರ್ಟಿಫಿಕೇಟಿನಲ್ಲಿ ಎಲ್ಲ ಸರಿಯೆಂದು ಬರೆದಿದೆಯಲ್ಲ, ನೀವು ಕಳಿಸಿದ ಪ್ರತಿಯನ್ನು ಹೋದ ವಾರವೇ ನೋಡಿದೆ ಎಂದ. ಅದು ತಪ್ಪು, ನಾನೇ ಆ ಡಾಕ್ಟರಿಗೆ ಫೋನ್ ಮಾಡಿ ವಾಪಸ್ ಕೊಡುತ್ತೇನೆ ಎಂದೆ. ಬೋಗುಣಿಯಂಥ ಯಂತ್ರದ ವಿಷಯ, ಎರಡು ವೃತ್ತದ ವಿಷಯ ಎಲ್ಲ ಹೇಳಿದೆ. ಅವನು ಅಯ್ಯೋ ಪಾಪ ಎನ್ನುತ್ತಾನೆ, ನಾನು ಗಟ್ಟಿಯಾಗಿರಬೇಕು ಎಂದು ತಯಾರಾಗಿ ಕೂತಿದ್ದೆ. ಅವನು ಹಾಗೆನ್ನಲಿಲ್ಲ.

"ಯಾವಾಗಿಂದ, ಕ್ಯಾಪ್ಟನ್?"

ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಎರಡು ದಿನ ಮುಂದಿನದನ್ನೇ ಯೋಚಿಸಿದ್ದೆನೇ ಹೊರತು ಹಿಂದಿನದನ್ನಲ್ಲ. ಈ ರೋಗ ಇಷ್ಟು ದೂರ ಬರಲು ಏಳೆಂಟು ವರ್ಷವಾದರೂ ಬೇಕು ಎಂದು ಡಾಕ್ಟರು ಹೇಳಿದ್ದರು. ಹಾಗೆಂದೆ. ಹೇಳುತ್ತ ಹೇಳುತ್ತ ವರ್ಷಗಳನ್ನು ಹಿಂದಕ್ಕೆ ಎಣಿಸಿದೆ.

ಕ್ಯಾಪ್ಟನ್ ಕೂರುವುದು ಎಡಗಡೆ. ಎಡಗಡೆ ಕಿಟಕಿ ಕ್ಯಾಪ್ಟನ್ನಿನದು. ನೆಲದ ಮೇಲೆ ಪ್ರತಿ ತಿರುವಿಗೂ ಮೊದಲು, ಆಕಾಶದಲ್ಲಿ ಪ್ರತಿ ತಿರುವಿಗೂ ಮೊದಲು, ಕ್ಯಾಪ್ಟನ್ ಎಡಕ್ಕೆ ನೋಡಿ "ಎಡ ಕ್ಲಿಯರ್" ಎನ್ನಬೇಕು, ಸಹಪೈಲಟ್ ಬಲಕ್ಕೆ ನೋಡಿ "ಬಲ ಕ್ಲಿಯರ್" ಎನ್ನಬೇಕು. ನನ್ನ ಕಿಟಕಿಯನ್ನು ಅವನು ನೋಡುವುದಿಲ್ಲ, ಅವನದನ್ನು ನಾನು ನೋಡುವುದಿಲ್ಲ.

ಫೋನಿನಲ್ಲಿ ಗುಮ್ಮಣ್ಣನ ಮಗು ಹಿಂದೆ ಎಲ್ಲೋ ಏನೋ ಹಾಡುತ್ತಿತ್ತು. ಆ ನಾಲ್ಕು ವರ್ಷದಲ್ಲೇ ಹುಟ್ಟಿದ ಮಗು.

"ನಾಲ್ಕು ವರ್ಷ ನೀವು ಎಡ ಕ್ಲಿಯರ್ ಅಂದ್ರಿ" ಎಂದ. "ಒಂದು ಸಲಾನೂ ನಾನು ತಿರುಗಿ ನೋಡ್ಲಿಲ್ಲ. ನಿಮ್ಮನ್ನ ಅಷ್ಟು ನಂಬಿದ್ದೆ."

"ನಾನೂ ನಂಬಿದ್ದೆ ಕಣಪ್ಪಾ" ಎಂದೆ.

ಫೋನ್ ಇಡಲು ಇಬ್ಬರಿಗೂ ಮನಸ್ಸಾಗಲಿಲ್ಲ.